ಮುಚ್ಚಳದ ಮೇಲಿನ ಸಣ್ಣ ತಿರುಪು

ಅದು ಶುರುವಾದದ್ದು ಕಾರ್ತೀಕ ಮಾಸದಲ್ಲಿ, ಬೆಳಗ್ಗೆ ಆರು ಗಂಟೆಗೆ, ಹಾಲು ಕರೆದು ಮುಗಿಸೋ ಹೊತ್ತಿಗೆ. ಆ ವರ್ಷ ಮಳೆ ಚೆನ್ನಾಗಿ ಹಿಡಿದು ತಾಯಲೂರು ಕಡೆಯ ಒಂದು ದೊಡ್ಡ ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೆರೆಯಂಗಳದಲ್ಲಿ ಇದ್ದ ಗಾಡಿ ದಾರಿ ನೀರಿನಡಿ ಹೋಯಿತು. ಆಚೆ ದಡದಲ್ಲಿ ಇಪ್ಪತ್ತು ಮನೆಯ ಹಳ್ಳಿ. ಡೇರಿ ಇರೋದು ಈಚೆ ದಡದ ಊರಲ್ಲಿ. ಸುತ್ತಿಕೊಂಡು ಬಂದರೆ ಹಾಲಿನ ವ್ಯಾನು ಸಿಗುತ್ತಿರಲಿಲ್ಲ.

ಆಗ ಎಲ್ಲರಿಗೂ ಮೀನು ಸಾಕೋ ಸಂಘದ ದೋಣಿ ನೆನಪಾಯಿತು. ಹಿಂದೆ ಸಣ್ಣ ಪೆಟ್ರೋಲ್ ಇಂಜಿನ್ ತಗುಲಿಸಿದ ಫೈಬರ್ ದೋಣಿ. ಬೆಳಗ್ಗೆ ಒಂದು ಸಲ ಹಾಲಿನ ಕ್ಯಾನು ದಾಟಿಸಲಿ ಅಂತ ಸಂಘದವರು ಒಪ್ಪಿದರು. ನಡೆಸೋದು ಆಚೆ ದಡದ ಮುನಿರಾಮಪ್ಪ. ಚಿಕ್ಕಂದಿನಿಂದ ಹರಿಗೋಲು ಹಾಕಿ ಮೀನು ಹಿಡಿದವನು, ಇಂಜಿನ್ ಅವನಿಗೂ ಹೊಸದೇ. ದೋಣಿಯ ಜವಾಬ್ದಾರಿ ಅದೇ ಹಳ್ಳಿಯ ಸೊಣ್ಣಪ್ಪನದು. ರಾಗಿ, ಹಿಪ್ಪುನೇರಳೆ ಬೆಳೆಯೋ ಮನುಷ್ಯ. ಸಾಮಾನು ಜೋಪಾನ ಮಾಡೋದರಲ್ಲಿ ಅವನನ್ನ ಮೀರಿಸೋರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ದೋಣಿಯ ಜೊತೆ ಆರು ಲೈಫ್ ಜಾಕೆಟ್ ಬಂದಿದ್ದವು. ಮೀನು ವಾಸನೆ ಹತ್ತಿದರೆ ಹೋಗಲ್ಲ ಅಂತ ಅವನ್ನ ಪ್ಲಾಸ್ಟಿಕ್ ಕವರ್ ಸಮೇತ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಕೈಯಲ್ಲಿ ನೀರು ತಳ್ಳೋ ಎರಡು ಹುಟ್ಟೂ ಬಂದಿದ್ದವು. ಇಂಜಿನ್ ಇರುವಾಗ ಹುಟ್ಟು ಯಾಕೆ, ನೀರಲ್ಲಿ ನೆನೆದು ಹಾಳಾಗುತ್ತೆ ಅಂತ ರೇಷ್ಮೆ ಹುಳದ ಮನೆಯ ತಟ್ಟೆಗಳಿಗೆ ಆನಿಕೆ ಕೊಟ್ಟು ತಂತಿಯಿಂದ ಬಿಗಿದ. ಪೆಟ್ರೋಲ್ ತುಂಬೋ ಕೆಂಪು ಡಬ್ಬದ ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಇತ್ತು. ಸಡಿಲ ಮಾಡಿ ಮೂಸಿ ನೋಡಿದ, ವಾಸನೆ ಬಂತು. ಪೆಟ್ರೋಲ್ ಹಾರಿಹೋಗೋದು ಇಲ್ಲಿಂದಲೇ ಅಂದುಕೊಂಡ. ಎಣ್ಣೆ ಹಾರದಿರಲಿ ಅಂತ ಸೀಮೆಎಣ್ಣೆ ಬಾಟಲಿಯ ಬಾಯಿಗೆ ಬಟ್ಟೆ ಸುರುಳಿ ತುರುಕಿ ಬೆಳೆದವನು ಅವನು. ದಿನಾ ಬೆಳಗ್ಗೆ ತಾನೇ ಪೆಟ್ರೋಲ್ ಹಾಕಿ, ಹೆಬ್ಬೆಟ್ಟು ಕೆಂಪಾಗೋವರೆಗೂ ತಿರುಪು ಬಿಗಿ ಮಾಡುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೇಳೋಷ್ಟು ದೊಡ್ಡ ವಿಷಯ ಅಂತ ಅವನಿಗೆ ಅನಿಸಿರಲಿಲ್ಲ.

ಇಂಜಿನ್ ಮೊದಲ ಎಳೆತಕ್ಕೇ ಹತ್ತಿಕೊಳ್ಳುತ್ತಿತ್ತು. ಎಂಟು ಹತ್ತು ನಿಮಿಷ ಸರಾಗವಾಗಿ ಹೋಗಿ, ಸರಿಯಾಗಿ ನಡುಗೆರೆಗೆ ಬಂದಾಗ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಪ್ಲಗ್ ಬಿಚ್ಚಿ ಒರೆಸಿದರು. ಬೇರೆ ಬಂಕಿನಿಂದ ಪೆಟ್ರೋಲ್ ತಂದರು. ಪೈಪು ಮಡಚಿದೆಯೋ ಅಂತ ನೋಡಿದರು. ಏನು ಮಾಡಿದರೂ ಅಷ್ಟೇ. ಒಂದು ದಿನ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣ ಅಂತ ಮುನಿರಾಮಪ್ಪ ಡಬ್ಬದ ಮುಚ್ಚಳ ತಿರುಗಿಸಿದ. ಸುಯ್ ಅಂತ ಸದ್ದು ಬಂತು. ಮುಚ್ಚಿ ಎಳೆದ, ಇಂಜಿನ್ ಓಡಿತು. ಕಾರಣ ಅವನಿಗೆ ತಿಳಿಯಲಿಲ್ಲ, ದಾರಿ ಸಿಕ್ಕಿತಲ್ಲ ಸಾಕು ಅಂತ ದಿನಾ ಹಾಗೇ ಮಾಡತೊಡಗಿದ.

ಸೊಣ್ಣಪ್ಪ ದಡದಲ್ಲಿ ನಿಂತು ದಿನಾ ನೋಡುತ್ತಿದ್ದ. ದೋಣಿ ನಡುನೀರಲ್ಲಿ ನಿಲ್ಲುತ್ತೆ. ಮುನಿರಾಮಪ್ಪ ಬೆನ್ನು ತಿರುಗಿಸಿ ಡಬ್ಬದ ಮೇಲೆ ಬಗ್ಗುತ್ತಾನೆ. ಆಮೇಲೆ ಹೊರಡುತ್ತೆ. ಪೆಟ್ರೋಲ್ ಕದ್ದು ಸೀಮೆಎಣ್ಣೆ ಬೆರೆಸುತ್ತಿದ್ದಾನೆ ಅನ್ನೋ ಅನುಮಾನ ಸೊಣ್ಣಪ್ಪನ ತಲೆಗೆ ಹೊಕ್ಕಿತು.

ಒಂದು ಮಂಗಳವಾರ ಯಾರದೋ ಬೈಕಿನ ಹಿಂದೆ ಕೂತು ಸುತ್ತು ದಾರಿಯಲ್ಲಿ ಡೇರಿಗೆ ಬಂದ. ಹಾಲು ಹಾಕೋರು ಸಾಲಾಗಿ ನಿಂತಿದ್ದರು. ಮುನಿರಾಮಪ್ಪ ಕ್ಯಾನು ಇಳಿಸುತ್ತಿದ್ದ.

"ಏಂ ಮುನಿರಾಮಪ್ಪ, ನಡುಗೆರೆಯಲ್ಲಿ ದಿನಾ ಡಬ್ಬದ ಮುಚ್ಚಳ ತೆಗೀತೀಯಲ್ಲ, ಒಳಗೇನ್ ಹಾಕ್ತೀಯ, ಹೊರಗೇನ್ ತೆಗೀತೀಯ?"

"ಏನೂ ಇಲ್ಲ ಸೊಣ್ಣಪ್ಪಣ್ಣ. ಮುಚ್ಚಳ ತೆಗೆದ್ರೆ ಇಂಜಿನ್ ಹತ್ಕೊಳ್ತದೆ. ಯಾಕೆ ಅಂತ ನಂಗೊತ್ತಿಲ್ಲ."

"ಮುಚ್ಚಳ ತೆಗೆದ್ರೆ ಓಡೋದಾದ್ರೆ ನಮ್ಮನೆ ಉಪ್ಪಿನಕಾಯಿ ಜಾಡಿ ಇಷ್ಟೊತ್ತಿಗೆ ಮುಳಬಾಗಿಲು ಸೇರ್ತಿತ್ತು ಕಣಯ್ಯ. ಸೀಮೆಎಣ್ಣೆ ಎಲ್ಲಿಂದ ತರ್ತೀಯ ಹೇಳು."

ಸಾಲಿನಲ್ಲಿದ್ದವರು ನಕ್ಕರು. ಆ ಸಾಲಿನಲ್ಲೇ, ಅವತ್ತು ದೋಣಿಯಲ್ಲಿ ಜೊತೆಗೆ ಬಂದಿದ್ದ ಮುನಿರಾಮಪ್ಪನ ಮಗಳೂ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಅವನು ಮಗಳ ಕಡೆ ಒಂದು ಸಲ ನೋಡಿದ. "ಇನ್ಮೇಲೆ ಆ ಮುಚ್ಚಳ ಮುಟ್ಟಲ್ಲ ಅಣ್ಣ" ಅಂದು ಕ್ಯಾನು ಎತ್ತಿಕೊಂಡ.

ಮಾರನೇ ದಿನ ಬುಧವಾರ ಗಾಳಿ ಜೋರಾಗಿತ್ತು. ದೋಣಿಯಲ್ಲಿ ಏಳು ಕ್ಯಾನು, ಜೊತೆಗೆ ಸೊಣ್ಣಪ್ಪನ ಸೊಸೆ ಪವಿತ್ರ. ಇಂಜಿನ್ ಎಂದಿನಂತೆ ನಡುಗೆರೆಯಲ್ಲಿ ನಿಂತಿತು. ಮುನಿರಾಮಪ್ಪ ಮುಚ್ಚಳ ಮುಟ್ಟಲಿಲ್ಲ. ಇಂಜಿನ್ ಹತ್ತಿಸೋ ಹಗ್ಗ ಎಳೆದ, ಮತ್ತೆ ಎಳೆದ. ಪವಿತ್ರ, "ಮುಚ್ಚಳ ತೆಗೀರಿ ಚಿಕ್ಕಪ್ಪ, ಮಾವನಿಗೆ ನಾನು ಹೇಳ್ತೀನಿ" ಅಂದಳು. ಅವನು ಇನ್ನೊಂದು ಸಲ ಎಳೆದಾಗ ಹಗ್ಗ ಕಿತ್ತು ಕೈಗೆ ಬಂತು. ಇನ್ನು ಮುಚ್ಚಳ ತೆಗೆದೂ ಪ್ರಯೋಜನ ಇರಲಿಲ್ಲ. ಗಾಳಿ ದೋಣಿಯನ್ನ ಕೋಡಿಯ ಕಡೆಗೆ ನೂಕತೊಡಗಿತು. ಅಲ್ಲಿ ನೀರು ಆಳೆತ್ತರದಿಂದ ಬಂಡೆಗಳ ಮೇಲೆ ಬೀಳುತ್ತಿತ್ತು.

ದಡದಲ್ಲಿದ್ದ ಸೊಣ್ಣಪ್ಪ ಹುಟ್ಟಿಗೆ ಅಂತ ಹುಳದ ಮನೆಗೆ ಓಡಿದ. ತಂತಿ ಬಿಚ್ಚೋದಕ್ಕೆ ಬರಲಿಲ್ಲ, ಅಷ್ಟು ಬಿಗಿಯಾಗಿ ಅವನೇ ಕಟ್ಟಿದ್ದ. ಟ್ರಂಕಿನ ಬೀಗದ ಕೈ ಸೊಂಟದಲ್ಲೇ ಇತ್ತು. ಜಾಕೆಟ್ ತೆಗೆದರೂ ಇನ್ನು ದೋಣಿಗೆ ಮುಟ್ಟಿಸೋ ದಾರಿ ಇರಲಿಲ್ಲ, ಕೀಲಿಯನ್ನ ಮುಟ್ಟಿ ನೋಡಿಕೊಂಡು ಬರಿಗೈಯಲ್ಲಿ ವಾಪಸ್ ಓಡಿಬಂದ.

ಅಷ್ಟರಲ್ಲಿ ಮುನಿರಾಮಪ್ಪ ದೋಣಿ ಕಟ್ಟೋ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ನೀರಿಗಿಳಿದಿದ್ದ. ಈಜಿ ಈಜಿ, ಕೋಡಿಗೆ ಸ್ವಲ್ಪ ಮೊದಲೇ ನೀರಲ್ಲಿ ನಿಂತಿದ್ದ ಒಂದು ಜಾಲಿ ಮರವನ್ನ ತಬ್ಬಿಕೊಂಡ. ಹಗ್ಗ ಅದಕ್ಕೇ ಕಟ್ಟಿದ. ಜನ ಲಾರಿ ಟ್ಯೂಬು ತಂದು ಇಬ್ಬರನ್ನೂ ದಡ ಸೇರಿಸಿದಾಗ ಅವನ ಎರಡೂ ಅಂಗೈ ಮುಳ್ಳು ಹೊಕ್ಕು ಊದಿದ್ದವು. ಪವಿತ್ರ ಅತ್ತೆಯ ಸೆರಗು ಹಿಡಿದು ನಿಂತಳು. ಮಾವನ ಮುಖ ನೋಡಲಿಲ್ಲ.

ಗುರುವಾರ ತಾಲೂಕಿನಿಂದ ಮೀನುಗಾರಿಕೆ ಇಲಾಖೆಯ ಚಂದ್ರಕಲಾ ಮೇಡಂ ಬಂದರು. ಯಾರನ್ನೂ ಬೈಯಲಿಲ್ಲ. ಎಷ್ಟು ನಿಮಿಷಕ್ಕೆ ನಿಲ್ಲುತ್ತೆ, ನಿಂತಾಗ ಪೈಪಿನ ನಡುವೆ ಇರೋ, ಪೆಟ್ರೋಲ್ ಒತ್ತಿ ಕಳಿಸೋ ರಬ್ಬರ್ ಉಂಡೆ ಗಟ್ಟಿಯಾಗಿರುತ್ತೋ ಚಪ್ಪಟೆಯಾಗಿರುತ್ತೋ ಅಂತ ಕೇಳಿದರು. ಚಪ್ಪಟೆ ಅಂದ ಮುನಿರಾಮಪ್ಪ. ಇಂಜಿನ್‌ಗೆ ಹೊಸ ಹಗ್ಗ ಹಾಕಿಸಿ, ದೋಣಿಯನ್ನ ದಡಕ್ಕೆ ಕಟ್ಟಿಯೇ ಓಡಿಸಿದರು. ಒಂಬತ್ತನೇ ನಿಮಿಷಕ್ಕೆ ಕೆಂಪು ಡಬ್ಬದ ಹೊಟ್ಟೆ ಒಳಕ್ಕೆ ಎಳೆದುಕೊಂಡಿತು, ಇಂಜಿನ್ ನಿಂತಿತು. ಮೇಡಂ ತಿರುಪು ಎರಡು ಸುತ್ತು ಸಡಿಲ ಮಾಡಿದರು. ಸುಯ್ ಅಂದಿತು. ಆಮೇಲೆ ಅರ್ಧ ಗಂಟೆ ನಿಲ್ಲದೆ ಓಡಿತು.

"ಅಮ್ಮಾ, ಎಣ್ಣೆ ಟಿನ್ನಿಗೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಾಗವಾಗಿ ಬರ್ತದಾ?" ಅಂತ ಸೊಣ್ಣಪ್ಪನ ಹೆಂಡತಿ ವೆಂಕಟರತ್ನಮ್ಮನನ್ನ ಕೇಳಿದರು.

"ಎಲ್ಲಿ ಬರ್ತದೆ? ಆ ಕಡೆ ಗಾಳಿಗೆ ಇನ್ನೊಂದು ತೂತು ಮಾಡ್ಬೇಕು."

"ಇದೂ ಅಷ್ಟೇ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರ್ಬೇಕು. ಈ ತಿರುಪು ಬಿಗಿ ಮಾಡ್ತಿದ್ದದ್ದು ಯಾರು?"

ದೋಣಿ ನಡೆಸೋನೇ ಇರಬೇಕು ಅಂತ ಎಲ್ಲರೂ ಮುನಿರಾಮಪ್ಪನ ಬಟ್ಟೆ ಸುತ್ತಿದ ಕೈ ನೋಡಿದರು. ಸೊಣ್ಣಪ್ಪ ಬಗ್ಗಿ ದೋಣಿ ಕಟ್ಟಿದ ಗಂಟು ಬಿಗಿ ಮಾಡತೊಡಗಿದ. ಮೇಡಂ ಹೊರಟುಹೋದರು.

ಮನೆಯಲ್ಲಿ ವೆಂಕಟರತ್ನಮ್ಮ ಮುದ್ದೆ ಬಡಿಸಿ ಎದುರಿಗೆ ಕೂತಳು. "ಆ ತಿರುಪು ನೀವೇ ತಾನೇ ತಿರುವ್ತಿದ್ದದ್ದು? ನಾನು ದಿನಾ ನೋಡಿದ್ದೀನಿ."

"ಊರ್ಕೋ" ಅಂದ. ಸುಮ್ಮನಿರು ಅಂತ.

"ನಾನು ಸುಮ್ಮನಿರ್ತೀನಿ. ನಿಮ್ಮ ಸೊಸೆಯನ್ನ ನೀರಿಂದ ತಂದವನ ಮೇಲೆ ಆ ಮಾತು ಹಂಗೇ ಇರಲಾ?"

ಸೊಣ್ಣಪ್ಪ ತಟ್ಟೆ ಪಕ್ಕಕ್ಕೆ ಸರಿಸಿ ಕೈ ತೊಳೆದ. ಮಾತು ಆಡಿದ್ದು ಡೇರಿ ಮುಂದೆ. ಮುನಿರಾಮಪ್ಪನ ಮನೆಗೆ ಹೋಗಿ ಗುಟ್ಟಾಗಿ ಹೇಳಿ ಬಂದರೆ ಅದು ಸಾಲದು ಅನ್ನೋದು ಅವನಿಗೂ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆ ಆರು ಲೈಫ್ ಜಾಕೆಟ್‌ಗಳ ಕವರ್ ಹರಿದು ದೋಣಿಗೆ ತಂದ. ಹುಟ್ಟುಗಳನ್ನ ತಂತಿ ಕತ್ತರಿಸಿ ತಂದ. ಪವಿತ್ರ ತಾನೇ ಒಂದು ಜಾಕೆಟ್ ತೊಟ್ಟು, ಮಾವನಿಗೂ ಒಂದು ತೊಡಿಸಿ, ಪಟ್ಟಿ ಸರಿಯಾಗಿದೆಯಾ ಅಂತ ಎಳೆದು ನೋಡಿದಳು. ಮುನಿರಾಮಪ್ಪ ಬಟ್ಟೆ ಸುತ್ತಿದ ಕೈಯಲ್ಲೇ ದೋಣಿ ದಾಟಿಸಿದ. ಈಚೆ ದಡಕ್ಕೆ ಬಂದು ಸೊಣ್ಣಪ್ಪ ಅದೇ ಸಾಲಿನ ಮುಂದೆ, ಜಾಕೆಟ್ ಬಿಚ್ಚೋದನ್ನೂ ಮರೆತು ನಿಂತ. ಮುನಿರಾಮಪ್ಪನೂ ಇದ್ದ, ಮಗಳೂ ಇದ್ದಳು.

"ತಿರುಪು ಬಿಗಿ ಮಾಡಿದ್ದು ನಾನು. ಹುಟ್ಟು ಬಚ್ಚಿಟ್ಟಿದ್ದೂ ನಾನೇ. ಇವನು ಏನೂ ಕದ್ದಿಲ್ಲ, ಏನೂ ಬೆರೆಸಿಲ್ಲ. ಮೊನ್ನೆ ನಾನಂದದ್ದು ಸುಳ್ಳು."

ಯಾರೂ ನಗಲಿಲ್ಲ. ಅವತ್ತು ನಕ್ಕವರೂ ಕ್ಯಾನಿನ ಕಡೆ ಮುಖ ಮಾಡಿದರು. ಮುನಿರಾಮಪ್ಪ "ಆಯ್ತು ಬಿಡಿ ಅಣ್ಣ" ಅಂದ. ಆಮೇಲೆ ಮೆಲ್ಲಗೆ ಹೇಳಿದ: "ನೋವಾದದ್ದು ನೀವು ಅಂದಿದ್ದಕ್ಕೆ ಅಲ್ಲ. ಇಷ್ಟು ವರ್ಷ ನನ್ನ ನೋಡಿದೋರು ನಕ್ಕರಲ್ಲ, ಅದಕ್ಕೆ."

ಇದನ್ನ ಓದುತ್ತಿರೋ, ಓದಿಸಿ ಕೇಳುತ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆರೆಯಲ್ಲೂ ಈಗ ನೀರಿದ್ದು ದೋಣಿ ಇದ್ದರೆ ಒಂದು ಮಾತು. ಇಂಜಿನ್ ಎಳೆಯೋ ಮೊದಲು ಡಬ್ಬದ ಮುಚ್ಚಳದ ತಿರುಪು ತೆರೆಯಿರಿ. ಕೆಲಸ ಮುಗಿಸಿ ಡಬ್ಬ ಎತ್ತಿಡುವಾಗ ಮುಚ್ಚಿ. ಓಡಿ ಓಡಿ ನಿಂತರೆ ಮೊದಲು ಆ ತಿರುಪು ನೋಡಿ, ಪೈಪು ಮಡಚಿದೆಯಾ, ಪೆಟ್ರೋಲಿಗೆ ನೀರು ಸೇರಿದೆಯಾ ನೋಡಿ, ಆಮೇಲೆ ಪ್ಲಗ್. ಹುಟ್ಟು ದೋಣಿಯಲ್ಲೇ ಇರಲಿ. ಲೈಫ್ ಜಾಕೆಟ್ ಕೊಳೆಯಾಗಲಿ, ಮೀನು ವಾಸನೆ ಹತ್ತಲಿ, ಅದು ಮೈಮೇಲೆ ಇರಬೇಕು. ಕೋಡಿ ಹರಿಯುವಾಗ, ಗಾಳಿ ಜೋರಿರುವಾಗ ದೋಣಿ ಬಿಡಬೇಡಿ, ಒಂದು ದಿನದ ಹಾಲು ಹೋದರೆ ಹೋಗಲಿ. ಯಂತ್ರ ಕೆಟ್ಟರೆ ಯಂತ್ರವನ್ನ ಬಿಚ್ಚಿ ನೋಡಿ. ಪಕ್ಕದಲ್ಲಿರೋ ಮನುಷ್ಯನನ್ನ ಸಾಲಿನ ಮುಂದೆ ನಿಲ್ಲಿಸಬೇಡಿ.

ಮುನಿರಾಮಪ್ಪ ಶನಿವಾರ ಪೂರ್ತಿ ಕೂತು ಪವಿತ್ರಳಿಗೆ ದೋಣಿ ನಡೆಸೋದು ಕಲಿಸಿದ. ಸೊಣ್ಣಪ್ಪ ಊರು ಬಿಡಬೇಡ, ಇರು ಅಂತ ಎರಡು ಸಲ ಕೇಳಿದ, ಮೂರನೇ ಸಲ ಕೇಳೋದಕ್ಕೆ ಅವನಿಗೆ ಮುಖ ಬರಲಿಲ್ಲ. ನಂಗಲಿಯ ಹೆದ್ದಾರಿಯಲ್ಲಿ ಲಾರಿ ತೊಳೆಯೋ ಕೆಲಸ ಸಿಕ್ಕಿದೆ ಅಂತ ಹೇಳಿ, ಹೆಂಡತಿ ಮಗಳನ್ನ ಕರೆದುಕೊಂಡು ಮುನಿರಾಮಪ್ಪ ಊರು ಬಿಟ್ಟು ಹೋದದ್ದು ಭಾನುವಾರ, ಮೊದಲ ಬಸ್ಸಿಗೆ.