ಹಳದಿ ನೀರಿಗೆ ಹಳೆಯ ವಿಮೆ

ಮಗಳು ಸಿಂಚನಾಳ ಮೊಣಕೈ ಕೆಂಪಾಗಿ ಸಿಪ್ಪೆ ಏಳತೊಡಗಿದ ದಿನದಿಂದ ಅಹಲ್ಯಾಳ ಹೊಟ್ಟೆಯೊಳಗೆ ಒಂದು ಸಿಟ್ಟು ಬಂದು ಕೂತಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ. ಸಿಕ್ಕವರ ಮೇಲೆ ಒಂದಿಷ್ಟು ಹೋಗುತ್ತಿತ್ತು. ತರಕಾರಿ ಭಯ್ಯಾನ ಮೇಲೆ, ತಡವಾಗುವ ಬಸ್ಸಿನ ಮೇಲೆ, ಪೇಪರು ಹಿಡಿದು ಕೂತ ಗಂಡ ಹನುಮಂತನ ಮೇಲೆ.

ಅವರಿದ್ದದ್ದು ಗಾಜಿಯಾಬಾದಿನ ಕಾವೇರಿ ಕುಂಜದಲ್ಲಿ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಸವೆಸಿದ ಕನ್ನಡದ ನೌಕರರು ಸೇರಿ, ಪಿ.ಎಫ್. ಬಳಿದು ಹಾಕಿ, ಸೊಸೈಟಿ ಮಾಡಿಕೊಂಡು ಎಬ್ಬಿಸಿದ ಫ್ಲ್ಯಾಟುಗಳು. ಹಿಂದೆ ಆ ಜಾಗದಲ್ಲಿ ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮಿಯಂ ಹೊಳಪು ಕೊಡುವ ಕಾರ್ಖಾನೆ ಇತ್ತು. ಕಾರ್ಖಾನೆ ಮುಚ್ಚಿತು, ಅದರ ಮಾಲೀಕ ಲಾಲಾ ಸತ್ತ. ಅವನು ವರ್ಷಗಟ್ಟಲೆ ನೆಲಕ್ಕೆ ಸುರಿದದ್ದು ಮಾತ್ರ ಸಾಯದೆ, ಬೋರ್‌ವೆಲ್ಲಿನಲ್ಲಿ ಹಳದಿಯಾಗಿ ಮೇಲೆ ಬರುತ್ತಿತ್ತು. ಕುಡಿಯುವುದು ನಿಲ್ಲಿಸಿದರೂ ಸ್ನಾನಕ್ಕೆ ಬೇರೆ ನೀರಿರಲಿಲ್ಲ. ಮಣ್ಣನ್ನೇ ಅಗೆದು ಸಾಗಿಸಬೇಕು, ನೆಲದಡಿಯ ನೀರನ್ನು ಎತ್ತಿ ತೊಳೆಯಬೇಕು, ಬೇರೆ ದಾರಿಯಿಲ್ಲ ಎಂದರು ತಿಳಿದವರು. ಅಷ್ಟು ದುಡ್ಡು ಯಾರಪ್ಪನ ಮನೆಯಲ್ಲಿದೆ?

ದಾರಿ ತೋರಿಸಿದವಳು ಹೌಜ್ ಖಾಸ್‌ನ ವಕೀಲೆ ಶ್ರೀಲಕ್ಷ್ಮಿ.

"ಕಾರ್ಖಾನೆ ಸತ್ರೂ ಅದರ ವಿಮೆ ಸತ್ತಿಲ್ಲ ಆಂಟಿ. ವಿಷ ನೆಲಕ್ಕಿಳಿದ ವರ್ಷಗಳಲ್ಲಿ ಲಾಲಾ ಪಾಲಿಸಿ ಮಾಡಿಸಿದ್ರೆ, ಆ ವರ್ಷದ ಪಾಲಿಸಿ ಇವತ್ತೂ ಕೊಡಬೇಕು. ಜಾಗದ ಜೊತೆ ಆ ಹಕ್ಕನ್ನೂ ಲಾಲಾನ ಮನೆಯವರು ನಿಮ್ಮ ಸೊಸೈಟಿಗೇ ಬರೆದುಕೊಟ್ಟಿದ್ದಾರೆ. ಒಂದೇ ಷರತ್ತು. ವಿಷಯ ಗೊತ್ತಾದ ಕೂಡಲೇ ನೀವು ವಿಮಾ ಕಂಪನಿಗೆ ಹೇಳಿರಬೇಕು."

"ಗೊತ್ತಾದದ್ದೇ ಈ ಬೇಸಿಗೆಯಲ್ಲಿ, ನೀರಿನ ಬಣ್ಣ ತಿರುಗಿದಾಗ."

"ಅಚ್ಛಾ, ಹಾಗಿದ್ರೆ ಹುಡುಕಿ."

ಅಹಲ್ಯಾ ಹುಡುಕಿದಳು. ಆಫೀಸಿಗೆ ಅರ್ಧರ್ಧ ದಿನ ರಜೆ ಹಾಕಿ, ಬಸ್ಸಿನ ಮೇಲೆ ಬಸ್ಸು ಬದಲಿಸಿ, ಕೊನೆಗೆ ಲಾಲಾನ ಸೊಸೆಯ ಮನೆ ಪತ್ತೆ ಮಾಡಿದಳು. ಚಳಿಗಾಲದ ರಜಾಯಿಗಳನ್ನು ತುಂಬಿಟ್ಟ ಟ್ರಂಕಿನ ತಳದಲ್ಲಿ, ಇಲಿ ಮೂಲೆ ಕಡಿದ ಪಾಲಿಸಿಗಳು ಸಿಕ್ಕವು. ಅಂದು ವಾಪಸು ಬರುವಾಗ ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಅತ್ತಿದ್ದಳು. ಮಗಳ ಚರ್ಮ ನೆಟ್ಟಗಾಗುತ್ತದೆ ಎಂಬ ನಂಬಿಕೆ ಅವಳಿಗೆ ಮೊದಲ ಸಲ ಬಂದಿತ್ತು.

ಆ ಶನಿವಾರ ವಿಮಾ ಕಂಪನಿಯ ಅಧಿಕಾರಿ ಮಾಥುರ್ ಕಾವೇರಿ ಕುಂಜಕ್ಕೆ ಬಂದರು. ಸೊಸೈಟಿಯ ಕಾರ್ಯದರ್ಶಿ ಈಶ್ವರಪ್ಪ ಸೆಕ್ರೆಟೇರಿಯಟ್ಟಿನಲ್ಲಿ ದೊಡ್ಡ ಕುರ್ಚಿಯಿಂದ ನಿವೃತ್ತರಾದವರು. ಕುರ್ಚಿ ಬಿಟ್ಟಿದ್ದರು, ಗತ್ತು ಬಿಟ್ಟಿರಲಿಲ್ಲ. ಸೊಸೈಟಿಯ ಗುಮಾಸ್ತೆ ಕೆಲಸ ನೋಡುತ್ತಿದ್ದ ಮರಿಯಪ್ಪನೂ ಹಿಂದೆ ಅವರ ಕೈಕೆಳಗಿದ್ದವನೇ. ಕಮಿಟಿಯ ಸದಸ್ಯನಾಗಿ ಹನುಮಂತ ಮೂಲೆಯಲ್ಲಿ ಕೂತಿದ್ದ.

ಸೊಸೈಟಿ ಆಫೀಸಿನ ಮೇಜಿನ ಮೇಲೆ ಅಹಲ್ಯಾ ಇಟ್ಟ ಪಾಲಿಸಿಗಳನ್ನು ಮಾಥುರ್ ತಿರುವಿ ನೋಡಿದರು. "ಇವು ಅಸಲಿಯೇ. ಮೇಡಂ, ಶಭಾಷ್. ಇನ್ನು ಸೊಸೈಟಿಯ ನೀರಿನ ಫೈಲ್ ಕೊಡಿ, ನೋಡಿಬಿಡುತ್ತೇನೆ."

ಈಶ್ವರಪ್ಪ ಕೆಮ್ಮಿದರು. ಆದರೆ ಫೈಲ್ ಎಂಬ ಮಾತು ಬಿದ್ದದ್ದೇ ಮರಿಯಪ್ಪನ ಕೈಕಾಲಿಗೆ ಜೀವ ಬಂದಿತ್ತು. ಕೆಂಪು ದಾರ ಬಿಚ್ಚಿ, ಧೂಳು ಕೊಡವಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಕೆಲವು ಹಾಳೆ ತಿರುವಿದ ಮಾಥುರ್ ತಮ್ಮ ಚಹಾದ ಕಪ್ಪನ್ನು ಮೆಲ್ಲಗೆ ದೂರ ಸರಿಸಿದರು.

ಅಲ್ಲಿ ಮೂರು ವರ್ಷ ಹಿಂದಿನ, ಫ್ಲ್ಯಾಟು ಹಂಚುವ ಲಾಟರಿಗೂ ಮೊದಲಿನ, ಲ್ಯಾಬಿನ ವರದಿಯಿತ್ತು. ಕುಡಿಯಲು ಯೋಗ್ಯವಲ್ಲ, ಕ್ರೋಮಿಯಂ ಇದೆ. ಅದರ ಪಕ್ಕದಲ್ಲಿ ಈಶ್ವರಪ್ಪನವರ ದುಂಡನೆಯ ಇಂಗ್ಲಿಷ್ ಅಕ್ಷರ: 'ನೋಡಲಾಯಿತು. ಲಾಟರಿ ಹತ್ತಿರವಿರುವುದರಿಂದ ಸದ್ಯ ಕ್ರಮ ಬೇಡ. ಕಡತಕ್ಕೆ ಸೇರಿಸಿ.' ಕೆಳಗೆ ಇಡೀ ಕಮಿಟಿಯ ಚುಟುಕು ಸಹಿಗಳು. ಕಳ್ಳನಾಗಿದ್ದರೆ ಹರಿದು ಸುಡುತ್ತಿದ್ದ. ಇವರು ಪುಟಸಂಖ್ಯೆ ಹಾಕಿ, ತೂತು ಹೊಡೆದು, ದಾರ ಪೋಣಿಸಿ ಇಟ್ಟಿದ್ದರು.

"ಇದನ್ನ ಯಾಕಯ್ಯಾ ಇಟ್ಟೆ?" ಈಶ್ವರಪ್ಪ ಕನ್ನಡದಲ್ಲಿ ಹಲ್ಲು ಕಡಿದರು.

"ಪುಟಸಂಖ್ಯೆ ಬಿದ್ದ ಮೇಲೆ ಕೀಳಬಾರದು ಅಂತ ನೀವೇ ಅಲ್ವಾ ಸಾರ್ ಕಲಿಸಿದ್ದು?"

ಮಾಥುರ್ ಎದ್ದರು. "ಮೂರು ವರ್ಷ ಗೊತ್ತಿದ್ದೂ ಹೇಳಿಲ್ಲ. ನಮ್ಮ ಕಂಪನಿ ಒಂದು ಪೈಸೆ ಬಿಚ್ಚೋದಿಲ್ಲ. ಕ್ಷಮಿಸಿ ಮೇಡಂ." ಆ ಹಾಳೆಯ ನಕಲು ಹಿಡಿದು ಹೊರಟೇಬಿಟ್ಟರು.

ಅಹಲ್ಯಾಳ ಬೆರಳು ಸಹಿಗಳ ಮೇಲೆ ನಿಂತಿತ್ತು. ಅವುಗಳಲ್ಲೊಂದು ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ವರ್ಷವರ್ಷವೂ ಕಾಣುವ ಸಹಿ.

"ಕೋಪ ಮಾಡ್ಕೋಬೇಡಮ್ಮ," ಎಂದರು ಈಶ್ವರಪ್ಪ. "ಆವಾಗ ಬಾಯಿಬಿಟ್ಟಿದ್ರೆ ಬ್ಯಾಂಕು ಸಾಲ ಕೊಡ್ತಿರಲಿಲ್ಲ. ಎಲ್ಲರ ಒಳ್ಳೇದಕ್ಕೇ ಮಾಡಿದ್ದು."

"ಎಲ್ಲರ? ನಿಮ್ಮನೆಗೆ ಗೃಹಪ್ರವೇಶದ ದಿನದಿಂದ ಕ್ಯಾನ್ ನೀರು ಬರ್ತಿದೆ. ಕೇಳಿದ್ರೆ ನಿಮ್ಮ ಹೆಂಡತಿ ಲೀಲಮ್ಮನೋರಿಗೆ ಗ್ಯಾಸ್ಟ್ರಿಕ್ ಅಂದ್ರಿ! ನಮ್ಮ ಮಕ್ಕಳಿಗೇನು ಕಲ್ಲಿನ ಹೊಟ್ಟೆ ಇತ್ತಾ?"

ಅವಳು ಗಂಡನ ಕಡೆ ತಿರುಗಿದಳು. "ನೀವಾದ್ರೂ ಆವಾಗ್ಲೇ ಒಂದು ಕ್ಯಾನ್ ತರಿಸಬಾರದಿತ್ತಾ?"

ಹನುಮಂತ ನೆಲ ನೋಡಿದ. "ತರಿಸಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ."

ಅಹಲ್ಯಾ ಎದ್ದು ಸೀದಾ ಪಂಪ್ ಮನೆಗೆ ನಡೆದಳು. ಸಂಜೆಯ ನೀರು ಬಿಡುವ ಹೊತ್ತು, ಮೋಟಾರು ಗುಡುಗುತ್ತಿತ್ತು. ಸ್ವಿಚ್ಚು ಆರಿಸಿ, ಫ್ಯೂಸುಗಳನ್ನೆಲ್ಲ ಕಿತ್ತು ಸೆರಗಿಗೆ ಗಂಟು ಹಾಕಿದಳು.

ಸ್ವಲ್ಪ ಹೊತ್ತಿಗೆಲ್ಲ ಬಾಲ್ಕನಿಗಳಲ್ಲಿ ತಲೆಗಳು ಹೊರಬಂದವು. ಮೂರನೇ ಮಹಡಿಯಿಂದ ಸಿಂಚನಾ, ತಲೆತುಂಬ ನೊರೆ. "ಮಮ್ಮಿ, ಪಾನೀ ಚಲಾ ಗಯಾ! ಶಾಂಪೂ ಹಾಗೇ ಇದೆ ಯಾರ್!"

"ಟವೆಲ್‌ನಲ್ಲಿ ಒರೆಸ್ಕೋ! ಈ ನೀರು ಇನ್ನು ನಿನ್ನ ಮೈಗೆ ಬೀಳಲ್ಲ. ಯಾರ ಮೈಗೂ ಬೀಳಲ್ಲ!"

ಓಡಿಬಂದ ಈಶ್ವರಪ್ಪ ಏದುಸಿರು ಬಿಟ್ಟರು. "ಇದು ಸೊಸೈಟಿ ಸ್ವತ್ತು. ಫ್ಯೂಸ್ ಕೊಡು."

"ಬರೆದು ಕೊಡಿ ಸಾರ್. ವಿಷದ ನೀರು ಬಿಡಲು ಫ್ಯೂಸ್ ಬೇಕು ಅಂತ ಬರೆದು, ಎಲ್ಲರೂ ಸಹಿ ಹಾಕಿ ಕೊಡಿ. ನಿಮಗೆ ಅಭ್ಯಾಸ ಇದೆಯಲ್ಲ."

ಮೇಲಿನಿಂದ ಯಾರೋ ನಕ್ಕರು. ಇನ್ಯಾರೋ "ಈಗೇನಾಯ್ತು? ವಿಮೆಯವರು ಏನಂದ್ರು?" ಎಂದು ಕೂಗಿದರು. ಅಹಲ್ಯಾ ಕತ್ತೆತ್ತಿ, ಲ್ಯಾಬಿನ ವರದಿಯ ಸಂಗತಿಯನ್ನು ಒಂದೊಂದು ಬಾಲ್ಕನಿಗೂ ಕೇಳುವ ಹಾಗೆ ಹೇಳಿದಳು. ಹೇಳಿ ಮುಗಿಸುವಾಗ ನಗುವವರು ಯಾರೂ ಇರಲಿಲ್ಲ. ಮೆಟ್ಟಿಲುಗಳ ಮೇಲೆ ಚಪ್ಪಲಿಗಳ ಸದ್ದು ಇಳಿದು ಬರತೊಡಗಿತು.

"ಲಾಲಾನ ವಿಮೆ ಕೊಡದಿದ್ರೆ ಬಿಡಲಿ," ಎಂದಳು. "ಈ ಮಣ್ಣು ತೊಳೆಯೋ ಖರ್ಚು ಸಹಿ ಹಾಕಿದವರಿಂದ ವಸೂಲಾಗುತ್ತೆ. ಸೋಮವಾರ ಶ್ರೀಲಕ್ಷ್ಮಿ ಹತ್ರ ಹೋಗ್ತೀನಿ, ಕಮಿಟಿ ಮೇಲೆ ಕೇಸ್ ಹಾಕ್ಸೋಕೆ."

ಹನುಮಂತ ಹತ್ತಿರ ಬಂದು ದನಿ ತಗ್ಗಿಸಿದ. "ನನ್ನ ಮೇಲೂನಾ?"

"ನಿಮ್ಮ ಹೆಸರೇ ಮೊದಲು. ಈಗ ಬಕೆಟ್ ತಗೊಂಡು ಗೇಟಿಗೆ ನಡೀರಿ, ಟ್ಯಾಂಕರ್‌ಗೆ ಫೋನ್ ಮಾಡ್ತಿದ್ದೀನಿ."