ಊಟವಾದ ಮೇಲಿನ ದುವಾ

ಮಣ್ಣು ಇನ್ನೂ ಹದಕ್ಕೆ ಬಂದಿರಲಿಲ್ಲ. ಕೋಕೋಗುಲ್ ಇನ್ನೊಂದು ಹಿಡಿ ಹೊಟ್ಟು ಹಾಕಿ ನಾದಿದಳು. ಎರಡು ಮಣ್ಣಿನ ತಟ್ಟೆಗಳ ನಡುವೆ ದ್ರಾಕ್ಷಿ ತುಂಬಿ, ಅಂಚಿಗೆ ಹಸಿಮಣ್ಣು ಮೆತ್ತಿ, ಕತ್ತಲೆ ಕೋಣೆಯಲ್ಲಿಟ್ಟರೆ ಸರಿ, ಚಳಿಗಾಲ ದಾಟಿ ನವ್ರೋಜ್ ಹಬ್ಬಕ್ಕೆ ಒಡೆದಾಗಲೂ ಹಣ್ಣು ನಿನ್ನೆ ಕೊಯ್ದಂತೆ ಇರುತ್ತದೆ. ಕಾಬೂಲಿನ ಉತ್ತರಕ್ಕಿರುವ ಪರ್ವಾನಿನ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಬ್ಬದವರೆಗೂ ನಾವು ಇಲ್ಲೇ ಇರುತ್ತೇವೆ ಎಂಬ ನಂಬಿಕೆ ಇದ್ದವರು ಮಾಡುವ ಕೆಲಸ ಇದು. ಈ ವರ್ಷ ಆ ನಂಬಿಕೆಗೇ ಕಲ್ಲು ಬಿದ್ದಿತ್ತು.

ಕಲ್ಲು ಹಾಕಿದ್ದು ರೇಡಿಯೋ. ಬಗ್ರಾಮಿನ ವಿಮಾನ ನೆಲೆ ತಮಗೆ ವಾಪಸು ಬೇಕು ಎಂದು ಅಮೆರಿಕದವರು ಕೇಳುತ್ತಿದ್ದಾರಂತೆ. ಕೊಡದಿದ್ದರೆ ಗ್ರಹಚಾರ ಕಾದಿದೆ ಅಂದರಂತೆ. ಒಂದು ಹಿಡಿ ಮಣ್ಣನ್ನೂ ಕೊಡೆವು ಎಂದು ಕಾಬೂಲಿನವರು ಗುಡುಗಿದರಂತೆ. ಆಹಾ, ಇಬ್ಬರದೂ ಎಂಥ ಧೈರ್ಯ! ಆ ನೆಲೆಯ ಬೇಲಿಗೆ ಗೋಡೆ ತಾಗಿಸಿಕೊಂಡು ಬದುಕುವ ಮನೆಯವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಕೋಕೋಗುಲ್ ಏನೆಂದು ಉತ್ತರ ಕೊಡುತ್ತಿದ್ದಳೋ.

ಹಿರಿಯ ಮಗ ಜಲ್ಮೈ, ಅಮೆರಿಕದವರಿದ್ದಾಗ, ಆ ಬೇಲಿಯೊಳಗೆ ಸೈನಿಕರ ಬಟ್ಟೆ ಒಗೆಯುತ್ತಿದ್ದ. ಕೆಲಸ ಮುಗಿಸಿ ಬರುತ್ತಿದ್ದವನನ್ನು ಒಂದು ಸಂಜೆ, ಪರದೇಶದವರ ಎಂಜಲು ತಿನ್ನುವವನು ಎಂದು ದಾರಿಯಲ್ಲೇ ಹೊಡೆದು ಹಾಕಿದರು. ಹೊಡೆದವರು ಯಾರೆಂದು ಊರಿಗೆಲ್ಲ ಗೊತ್ತು. ಅಮೆರಿಕದವರು ಹೋದ ಮೇಲೆ ಆಳ್ವಿಕೆ ಹೊಡೆದವರ ಕಡೆಯವರದೇ; ಅವರಲ್ಲೊಬ್ಬ ಈಗ ನೆಲೆಯ ಗೇಟಿನ ಪಕ್ಕ ಯಜಮಾನನಂತೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕಿರಿಯ ಮಗ ನೂರಾಘಾ ಅದೇ ಗೇಟಿನಲ್ಲಿ ಬಂದೂಕು ಹಿಡಿದು ಕಾವಲು ನಿಲ್ಲುತ್ತಾನೆ, ದಿನಾ ಆ ಕುರ್ಚಿಗೆ ಸಲಾಂ ಹೊಡೆದು. ಬೇರೆ ಕೆಲಸ ಎಲ್ಲಿತ್ತು ಹೇಳಿ! ಕಂಡಕಂಡವರ ಕೈಕಾಲು ಹಿಡಿದ ಮೇಲೆ ಸಿಕ್ಕಿದ್ದೇ ಇದು.

"ಬರ್ಲಿ ಬಿಡಿ ಅತ್ತಿಗೆ, ಅಮೆರಿಕದವರು ಬಂದ್ರೆ ಏನೀಗ?" ಎಂದ ಸಖಿದಾದ್. ಕೋಕೋಗುಲ್‌ಳ ಮೈದುನ ಅವನು. ನೆಲೆಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು, ಈಗ ಅದರಲ್ಲಿ ಕೋಳಿ ಸಾಕಿದ್ದ. ಶುಕ್ರವಾರವಾದ್ದರಿಂದ ನಮಾಜು ಮುಗಿಸಿ ಊಟಕ್ಕೆ ಬಂದಿದ್ದ. "ನನ್ನ ಟ್ಯಾಂಕರ್ ಮತ್ತೆ ರಸ್ತೆ ಕಾಣುತ್ತೆ."

"ನಿನ್ನ ಟ್ಯಾಂಕರ್‌ಗಿಷ್ಟು ಬೆಂಕಿ ಹಾಕ! ಅವರೇನು ಬಸ್ಸಲ್ಲಿ ಟಿಕೇಟ್ ತಗೊಂಡು ಬರ್ತಾರಾ? ಮೇಲಿಂದ ಬಾಂಬು ಸುರಿಸ್ಕೊಂಡು ಬರ್ತಾರೆ. ಮೊದಲು ಗೇಟಿಗೇ ಹಾಕ್ತಾರೆ. ಗೇಟಲ್ಲಿ ನಿಂತಿರೋದು ಯಾರು? ನಿನ್ನ ಕೋಳೀನಾ?" ಎಂದು ಕೋಕೋಗುಲ್ ಸಿಡುಕಿದಳು.

ಅದಕ್ಕೆ ಉತ್ತರ ಕೊಟ್ಟಿದ್ದು ಒಲೆಯ ಮುಂದಿದ್ದ ಸೊಸೆ ಫಿರೋಜಾ, ಜಲ್ಮೈನ ಹೆಂಡತಿ. ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಬರದೇ ಹೋದ್ರೆ ನಮ್ಮ ಹುಸ್ನಾ ಗತಿ ಏನು ಅತ್ತೆ? ಈ ವರ್ಷಕ್ಕೆ ಆರನೇ ಕ್ಲಾಸು ಮುಗೀತು. ಆಮೇಲೆ ಇವರ ಆಳ್ವಿಕೇಲಿ ಹೆಣ್ಮಕ್ಕಳಿಗೆ ಸ್ಕೂಲಿಲ್ಲ. ನನ್ನ ಹಾಗೆ ಈ ನಾಲ್ಕು ಗೋಡೆ ನೋಡ್ಕೊಂಡು ಕೂರಬೇಕು."

"ಕೂತ್ರೆ ಯಾರೂ ಸಾಯಲ್ಲ."

"ಅದನ್ನ ಬದುಕೋದು ಅಂತಾರಾ?"

ಕೋಕೋಗುಲ್‌ಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ನಿನ್ ಮಗಳು ಸ್ಕೂಲಿಗೆ ಹೋಗ್ಲಿ ಅಂತ ನನ್ ಮಗ ಸಾಯ್ಬೇಕಾ?"

ಅಂದುಬಿಟ್ಟ ಮೇಲೆ, ಅಯ್ಯೋ, ಯಾಕೆ ಅಂದೆನೋ ಅನಿಸಿತು. ಫಿರೋಜಾ ಈಗ ತಿರುಗಿ ನೋಡಿದಳು.

"ನಾನು ಹಂಗಂದ್ನಾ ಅತ್ತೆ? ನಿಮ್ಮ ಒಬ್ಬ ಮಗನ್ನ ಮಣ್ಣು ಮಾಡಿದೋಳು ನಾನೂ ಹೌದಲ್ವಾ?"

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ನೂರಾಘಾ ಬಂದೂಕನ್ನು ಗೂಟಕ್ಕೆ ನೇತುಹಾಕಿ, ಓಡಿಬಂದ ಹುಸ್ನಾಳ ಜಡೆ ಹಿಡಿದೆಳೆದ. "ಏನೇ ಮೇಡಂ, ಇವತ್ತು ಯಾರಿಗೆ ಪಾಠ ಮಾಡಿದೆ?" ಎಂದು ಕೇಳಿದ. "ಸಖಿದಾದ್ ಅಜ್ಜನ ಕೋಳಿಗಳಿಗೆ. ನಿನಗಿಂತ ಬೇಗ ಕಲೀತಾವೆ," ಎಂದಳು ಅವಳು. ಎಲ್ಲರೂ ಸ್ವಲ್ಪ ನಕ್ಕರು. ನಕ್ಕಿದ್ದೇ ದೊಡ್ಡದು.

ಊಟದ ಬಟ್ಟೆ ಹಾಸಿದರು. ರೊಟ್ಟಿ, ಹುರುಳಿಕಾಯಿ ಪಲ್ಯ, ಹಬ್ಬಕ್ಕೆಂದು ಎತ್ತಿಡಲಾಗದೆ ಉಳಿದ ಒಡಕು ದ್ರಾಕ್ಷಿ. ಕೋಕೋಗುಲ್ ತನ್ನ ಪಾಲಿನ ರೊಟ್ಟಿಯನ್ನೂ ಮಗನ ಮುಂದಿಟ್ಟಳು.

"ಬಿಟ್ಬಿಡೋ ಕಂದಾ ಆ ಕೆಲಸ," ಎಂದಳು. "ಕೂಲಿನಾಲಿ ಮಾಡೋಣ. ಚಾರೀಕಾರ್ ಪೇಟೆಗೆ ಹೋಗಿ ಹಣ್ಣು ಹೊರು."

"ಬಿಡೋ ಹಾಗಿದ್ದಿದ್ರೆ ಬಿಡ್ತಿರಲಿಲ್ವಾ ಅಮ್ಮ? ಈ ಸುದ್ದಿ ಬಂದಾಗಿಂದ ಒಂದು ದಿನ ಜ್ವರ ಅಂದ್ರೂ ಅನುಮಾನ ಪಡ್ತಾರೆ. ಅಣ್ಣ ಒಳಗೆ ಬಟ್ಟೆ ಒಗೀತಿದ್ದ ಅಂತ ಗೊತ್ತವರಿಗೆ. 'ಏನಪ್ಪಾ, ಹಳೇ ಧಣಿಗಳು ಬರ್ತಿದಾರಂತೆ, ಖುಷೀನಾ?' ಅಂತ ಮೊನ್ನೆ ಆ ಕುರ್ಚಿಯೋನು ನಗ್ತಾ ಕೇಳಿದ. ಈಗ ಬಿಟ್ರೆ ಮನೆಗೇ ಬರ್ತಾರೆ." ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಸೇರಿಸಿದ: "ಇವತ್ತು ಸಂಜೆಯಿಂದ ನೆಲೆಯೊಳಗೇ ಇರ್ಬೇಕಂತೆ. ನವ್ರೋಜ್‌ಗೂ ರಜ ಇಲ್ಲ. ನನ್ನ ಪಾಲಿನ ದ್ರಾಕ್ಷಿ ಹುಸ್ನಾಗೆ ಕೊಡು."

ಕೋಕೋಗುಲ್ ಯಾರ ಹತ್ತಿರ ಹೋಗಬೇಕು? ಬೈಯೋಣವೆಂದರೆ ಯಾರನ್ನು ಬೈಯುವುದು? ಬೇಡಿಕೊಳ್ಳೋಣವೆಂದರೆ, ಆ ಕುರ್ಚಿಯವನ ಕಾಲನ್ನೇ? ಅಮೆರಿಕಕ್ಕೆ ಹೋಗಿ ಯಾವ ಬಾಗಿಲು ತಟ್ಟುವುದು? ಅವಳಿಗೆ ತಿಳಿದಿದ್ದ ಬಾಗಿಲು ಒಂದೇ. ಊಟವಾದ ಮೇಲೆ ದುವಾ ಹೇಳುವುದು ಹಿರಿಯರ ಪಾಲಿನದು, ಸಖಿದಾದ್ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವಳು ತಡೆದಳು.

"ನೀನು ಬೇಡ. ಮಗು ಹೇಳ್ಲಿ. ಮಕ್ಕಳು ಕೇಳಿದ್ದನ್ನ ದೇವರು ಇಲ್ಲ ಅನ್ನಲ್ಲ. ಹುಸ್ನಾ, ನಿನ್ ಕಾಕಾಗೋಸ್ಕರ ಬೇಡ್ಕೋಮ್ಮ. ಜೋರಾಗಿ ಹೇಳು."

ಎಲ್ಲರೂ ಎರಡೂ ಕೈ ಎತ್ತಿ ಹಿಡಿದರು. ಹುಸ್ನಾ ಕಣ್ಣು ಮುಚ್ಚಿಕೊಂಡಳು.

"ಯಾ ಅಲ್ಲಾ, ನಮ್ಮ ಕಾಕಾನ ಚೆನ್ನಾಗಿಡು. ಅವನ ಬೂಟಿಗೆ ನೀರು ಹೋಗುತ್ತೆ, ಬೇರೆ ಬೂಟು ಕೊಡು. ಬೀಬಿ ಅಜ್ಜಿಗೆ ಮಂಡಿ ನೋವು ಕಡಿಮೆ ಮಾಡು." ಕೋಕೋಗುಲ್‌ಳ ಕಣ್ಣು ತುಂಬಿ ಬಂತು. ಹುಡುಗಿ ಒಂದು ಗಳಿಗೆ ಯೋಚಿಸಿದಳು. "ಆಮೇಲೆ, ಅಮೆರಿಕದವರು ಬೇಗ ಬರೋ ಹಾಗೆ ಮಾಡು. ಚಳಿ ಮುಗಿಯೋದ್ರೊಳಗೆ ಬರ್ಲಿ. ನಮ್ಮ ಏಳನೇ ಕ್ಲಾಸಿನ ಬಾಗಿಲು ತೆಗೀಲಿ."

ಸಖಿದಾದ್ ಬಾಗಿಲ ಕಡೆ ನೋಡಿದ, ಹೊರಗೆ ಯಾರಾದರೂ ಕೇಳಿಸಿಕೊಂಡರೋ ಎಂದು. ಹುಸ್ನಾ ಕಣ್ಣು ಬಿಟ್ಟು, ಯಾರೂ ಆಮೀನ್ ಅನ್ನಲಿಲ್ಲವಲ್ಲ ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ತಾನು ಏನು ಕೇಳಿದೆನೆಂದು ಆ ಮಗುವಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

"ಆಮೀನ್," ಎಂದ ನೂರಾಘಾ.

ಗಟ್ಟಿಯಾಗಿಯೇ ಅಂದ. ದುವಾ ಮುಗಿಯಿತೆಂದು ಅಂಗೈಗಳನ್ನು ಮುಖಕ್ಕೆ ಸವರಿಕೊಂಡು ಹುಸ್ನಾಳ ತಲೆ ನೇವರಿಸಿದ. ಅದನ್ನು ನೋಡಲಾರದೆ ಫಿರೋಜಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕೋಕೋಗುಲ್‌ಳ ಕೈಗಳು ಎತ್ತಿದಲ್ಲೇ ಇದ್ದವು. ಉಗುರುಸಂದಿಯಲ್ಲಿ ಮಣ್ಣು ಒಣಗಿತ್ತು. ಆಮೀನ್ ಅಂದರೆ ಮಗನನ್ನು ತಾನೇ ಕೈಯಾರೆ ಸಾವಿಗೆ ಕೊಟ್ಟಂತೆ. ಅನ್ನದಿದ್ದರೆ ಜಲ್ಮೈ ಬಿಟ್ಟುಹೋದ ಕೂಸಿನ ಬಾಗಿಲನ್ನು ತಾನೇ ಮುಚ್ಚಿದಂತೆ. ಅರ್ಧ ದುವಾಕ್ಕೆ ಮಾತ್ರ ಆಮೀನ್ ಅನ್ನುವ ದಾರಿ ಇದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

"ಅಮ್ಮ, ಕೈ ಇಳಿಸು. ಎಷ್ಟೊತ್ತು ಹಂಗೇ ಹಿಡ್ಕೊಂಡಿರ್ತೀಯ?" ಎಂದ ನೂರಾಘಾ.

ಅವಳು ಇಳಿಸಲಿಲ್ಲ. ಅವನು ಮಂಡಿಯೂರಿ ಹತ್ತಿರ ಸರಿದು, ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು, ಅವಳ ಮುಖದ ಮೇಲೆ ಮೆಲ್ಲಗೆ ಸವರಿದ. ಆಮೇಲೆ ಎದ್ದು ಗೂಟದಿಂದ ಬಂದೂಕು ತೆಗೆದುಕೊಂಡ.