ಅಪ್ಪ ಕೂರಿಸಿದ ಸೀಲ್

"ದೊಡ್ಡಪ್ಪ, ಅವರು ಮಾತ್ರ ಪೆಟ್ಟಿಗೆ ಮುಟ್ಟಬಾರದು."

ಮಗಳು ಹೇಳಿದ್ದು ಪಿಸುಮಾತಿನಲ್ಲೇ. ಆದರೂ ಶವಪೆಟ್ಟಿಗೆಯ ಕಡೆಗೆ ಚಾಚಿದ್ದ ಕೈ ಅಲ್ಲೇ ನಿಂತಿತು. ಅದು ಅಪ್ಪನ ಪಾಲುದಾರನ ಕೈ. ಇಬ್ಬರೂ ಸೇರಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿಯ ಗ್ಯಾರೇಜು ನಡೆಸುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಊರಿನ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ ಗಾಡಿಗಳು ಕೊನೆಗೆ ಬಂದು ನಿಲ್ಲುತ್ತಿದ್ದುದು ಅವರ ಬಾಗಿಲಲ್ಲಿ.

"ನೀವು ಹಿಂದೆ ಬನ್ನಿ. ಹೊರೋಕೆ ಬೇಕಾದಷ್ಟು ಜನ ಇದ್ದಾರೆ," ಎಂದರು ದೊಡ್ಡಪ್ಪ.

ಪಾಲುದಾರ ತುಟಿಪಿಟಕ್ಕೆನ್ನದೆ ಪಕ್ಕಕ್ಕೆ ಸರಿದ. ತಪ್ಪಿತಸ್ಥರಲ್ಲದಿದ್ದರೆ ಹೀಗೆ ಸುಮ್ಮನಿರುತ್ತಿದ್ದರೇ ಎಂದುಕೊಂಡಳು ಮಗಳು.

ಹೊರಗೆ ಬೇಕರಿಯವನು ತನ್ನ ವ್ಯಾನ್ ತಂದು ನಿಲ್ಲಿಸಿದ್ದ. "ಅವರು ಕೊನೇಗೆ ರಿಪೇರಿ ಮಾಡಿದ್ದು ಇದನ್ನೇ ಕಣಮ್ಮ. ಇದರಲ್ಲೇ ಹೋಗ್ಲಿ," ಎನ್ನುತ್ತ ಅವನು ಹಿಂದಿನ ಬಾಗಿಲು ತೆರೆದ.

* * *

ಈ ಅನುಮಾನ ಅವಳಿಗೆ ಅಪ್ಪ ಬಿಟ್ಟುಹೋದ ಆಸ್ತಿ.

"ನಾನು ಕಟ್ಟಿಟ್ಟ ಗೇರ್‌ಬಾಕ್ಸಿಗೆ ಯಾರೋ ಕೈ ಹಾಕ್ತಿದಾರೆ ಕಣೇ," ಎಂದು ಅಪ್ಪ ಕೈ ಕೂಡ ತೊಳೆಯದೆ ಕೂತುಬಿಡುತ್ತಿದ್ದ. "ಸಂಜೆ ಜೋಡಿಸಿ ಬರ್ತೀನಿ. ಬೆಳಗ್ಗೆ ನೋಡಿದ್ರೆ ಬೋಲ್ಟುಗಳ ಮೇಲೆ ಹೊಸ ಗೀರು."

"ಯಾರಪ್ಪ ಅದು?"

"ಇನ್ಯಾರು? ಬೀಗದ ಕೈ ಇರೋದು ನಮ್ಮಿಬ್ಬರ ಹತ್ರ. ನನ್ನ ಹೆಸರು ಕೆಡಿಸಿ, ಗ್ಯಾರೇಜು ಒಬ್ಬನೇ ನುಂಗೋ ಲೆಕ್ಕಾಚಾರ."

ಗೇರ್‌ ಎಣ್ಣೆ ಮೂಸಿ ನೋಡಿಯೇ ಒಳಗೆ ಪ್ಲೇಟು ಸುಟ್ಟಿದೆಯೋ ಇಲ್ಲವೋ ಹೇಳುತ್ತಿದ್ದವನು, ಊಟಕ್ಕೆ ಕೂತರೆ ಗಿರಾಕಿಗಳ ಅಣಕ ಮಾಡಿ ಮನೆಯನ್ನೆಲ್ಲ ನಗಿಸುತ್ತಿದ್ದವನು, ಒಂದೇ ವರ್ಷದಲ್ಲಿ ಸಿಡುಕನಾದ. ಅದನ್ನು ಕಂಡು ಮಗಳು ಪಾಲುದಾರನ ಮೇಲೆ ಹಲ್ಲು ಮಸೆಯತೊಡಗಿದಳು.

ಒಂದೇ ಒಂದು ವಾರ ಅಪ್ಪ ಗೆಲುವಾಗಿದ್ದ. ಪಾಲುದಾರ ತನ್ನ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದ. "ಬೇಕರಿ ವ್ಯಾನಿನ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಕಟ್ಟಿ, ಏರಿಸಿದ್ದು ಪೂರ್ತಿ ನಾನೇ. ಅವನ ಬೆರಳು ಕೂಡ ಸೋಕಿಲ್ಲ. ಹೇಗೆ ಓಡುತ್ತೆ ನೋಡ್ತಿರು!"

ಅದಾಗಿ ಕೆಲವೇ ದಿನಕ್ಕೆ ಮಲಗಿದವನು ಏಳಲೇ ಇಲ್ಲ.

* * *

ಸ್ಮಶಾನದ ಏರಿನಲ್ಲಿ ವ್ಯಾನ್ ನಿಂತುಬಿಟ್ಟಿತು. ಎಂಜಿನ್ ಅರಚಿಕೊಳ್ಳುತ್ತಿತ್ತು, ಚಕ್ರ ಮಾತ್ರ ಮಿಸುಕಲೊಲ್ಲದು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಪಾಲುದಾರ ಯಾರ ಅಪ್ಪಣೆಗೂ ಕಾಯದೆ ಬಾನೆಟ್ ಎತ್ತಿದ. ಗೇರ್‌ಬಾಕ್ಸಿನ ಅಳತೆಕಡ್ಡಿ ಎಳೆದು ನೋಡಿದ. ಕೆಂಪಗಿರಬೇಕಾದ ಎಣ್ಣೆ ಕಂದು ತಿರುಗಿ ಸೀದ ವಾಸನೆ ಬರುತ್ತಿತ್ತು.

"ರಿವರ್ಸ್ ಹಾಕು."

ವ್ಯಾನ್ ಹಿಂದಕ್ಕೆ ಜಗ್ಗಿತು.

"ಸಾಕು, ನಿಲ್ಸು. ಎಣ್ಣೆ ಸುಟ್ಟಿದ್ರೂ ಮಟ್ಟ ಸರಿಯಾಗೇ ಇದೆ, ರಿವರ್ಸೂ ಹಿಡೀತಿದೆ. ಮುಂದಕ್ಕೆ ಎಳೆಯೋ ಕ್ಲಚ್ಚಲ್ಲಿ ಪ್ರೆಷರ್ ನಿಲ್ತಿಲ್ಲ. ಒಳಗಿನ ರಬ್ಬರ್ ಸೀಲು ತಿರುಗಾಮುರುಗಾ ಕೂತಿದೆ. ತಣ್ಣಗಿದ್ದಾಗ ಹೆಂಗೋ ಓಡುತ್ತೆ. ಎಣ್ಣೆ ಕಾದು ತೆಳ್ಳಗಾದ್ರೆ ಸೋರುತ್ತೆ."

ಮಗಳು ಪೆಟ್ಟಿಗೆಯ ಪಕ್ಕದಿಂದ ಕೆಳಗೆ ಧುಮುಕಿದಳು. "ಬಿಚ್ಚದೇನೇ ಹೇಗೆ ಗೊತ್ತಾಯ್ತು? ನೀವೇ ಹಾಗೆ ಇಟ್ಟಿದ್ರೆ ತಾನೇ ಗೊತ್ತಿರೋದು?"

ಪಾಲುದಾರ ಅಳತೆಕಡ್ಡಿ ಒರೆಸುತ್ತ ನಿಂತ. "ಹೌದಮ್ಮ. ನಾನೇ ಕೂರಿಸಿದ್ದು. ಕನ್ನಡಕ ಹಾಕ್ಕೊಂಡಿರಲಿಲ್ಲ."

"ಕೇಳಿದ್ರಾ ಎಲ್ಲರೂ!" ದೊಡ್ಡಪ್ಪ ಹರಿಹಾಯ್ದರು. ಬೇಕರಿಯವನು, "ಸತ್ತ ಮನುಷ್ಯನ ಹೆಸರಿಗೆ ಮಸಿ ಬಳಿದ್ರಲ್ಲ ಸ್ವಾಮಿ," ಎಂದ. ಪಾಲುದಾರ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಸಿಕೊಂಡ.

ಮಗಳು ಗೆದ್ದಿದ್ದಳು. ಆದರೆ ಅವಳ ಕಣ್ಣು ವ್ಯಾನಿನ ಮೇಲೆ ನೆಟ್ಟಿತು. ಬೇಕರಿ ವ್ಯಾನು. ಆ ವಾರ ಈ ಮನುಷ್ಯ ಊರಲ್ಲೇ ಇರಲಿಲ್ಲ.

ಅವಳು ಅವನನ್ನು ವ್ಯಾನಿನ ಮರೆಗೆ ಕರೆದಳು. "ಮಾಮ, ಇದನ್ನ ಕಟ್ಟಿದ್ದು ಅಪ್ಪ. ನೀವು ಹೆರಿಗೆಗೆ ಹೋಗಿದ್ರಿ."

ಅವನು ಮತ್ತೆ ಅಳತೆಕಡ್ಡಿ ಒರೆಸತೊಡಗಿದ.

"ಬಿಚ್ಚದೇನೇ ಹೇಳಿದ್ರಿ ಅಂದ್ರೆ, ಅಪ್ಪ ಸೀಲು ಹೀಗೆ ಕೂರಿಸಿದ್ದು ಇದೇ ಮೊದಲಲ್ಲ, ಅಲ್ವಾ?"

"ಮರೆವು ಶುರುವಾಗಿತ್ತಮ್ಮ. ಅವನು ಮನೆಗೆ ಹೊರಟ್ಮೇಲೆ ನಾನು ಬಿಚ್ಚಿ ಸರಿಮಾಡಿ ಇಡ್ತಿದ್ದೆ. ಹೇಳಿದ್ರೆ ಅವತ್ತೇ ಸ್ಪ್ಯಾನರ್ ಕೆಳಗಿಡ್ತಿದ್ದ. ಆಮೇಲೆ ಅವನಿಗೆ ಇನ್ನೇನಿತ್ತು ಹೇಳು?"

"ಅಪ್ಪ ನಿಮ್ಮನ್ನ ಕಳ್ಳ ಅಂದ್ಕೊಂಡೇ ಹೋದ್ರು."

"ಅದು ಗೊತ್ತಿತ್ತು. ನಿನಗೂ ಹೇಳಿದಾನೆ ಅಂತ ಇವತ್ತು ಗೊತ್ತಾಯ್ತು." ಅವನು ಮುಖ ಒರೆಸಿಕೊಂಡ. "ಜನರ ಮುಂದೆ ಬಾಯಿ ಬಿಡಬೇಡ. ಒಳ್ಳೇ ಮೆಕ್ಯಾನಿಕ್ ಆಗೇ ಹೋಗ್ಲಿ."

ಅವಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಕಣ್ಣೊರೆಸಿಕೊಂಡು ಜನರ ಮುಂದೆ ಬಂದಳು.

"ಇಲ್ಲಿಂದ ಹೊತ್ಕೊಂಡೇ ಹೋಗೋಣ. ಮುಂದೆ ಮಾಮ ಹೆಗಲು ಕೊಡ್ತಾರೆ."

"ಇಷ್ಟಾದ್ಮೇಲೂನಾ?" ದೊಡ್ಡಪ್ಪ ಕಣ್ಣರಳಿಸಿದರು. "ನಿನ್ನ ತಲೆ ನೆಟ್ಟಗಿದೆಯಾ?"

"ಇದೆ ದೊಡ್ಡಪ್ಪ. ಅವರು ಬರದೆ ಅಪ್ಪ ಇಲ್ಲಿಂದ ಏಳಲ್ಲ."

ಗೊಣಗುತ್ತಲೇ ಎತ್ತಿದರು. ಪಾಲುದಾರ ಉಳಿದವರಿಗಿಂತ ಗಿಡ್ಡ. ಎಷ್ಟು ನಿಗುರಿದರೂ ಅವನ ಹೆಗಲು ಪೆಟ್ಟಿಗೆಗೆ ಎಟುಕಲಿಲ್ಲ. ಮಗಳು ಅವನ ಪಕ್ಕಕ್ಕೆ ಬಂದು, ನಡುವೆ ಉಳಿದ ಆ ಸಂದಿಗೆ ತನ್ನ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಏರು ಹತ್ತಿದಳು.